ಮುದ್ರಕಾಭಾವ ನಿರ್ಣಯ: ಮನೆಯಲ್ಲೇ ಇರುವ ಪ್ರಿಂಟರು ಇಲ್ಲದಿರುವ ಬಗೆ

ತರ್ಕಶಾಸ್ತ್ರದಲ್ಲಿ ಪದಾರ್ಥಗಳು ಏಳು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರನ್ನು ಎಣಿಸಿ ಹಳಬರು ಸುಮ್ಮನಾಗಿದ್ದರು. ಏಳನೆಯದಾಗಿ ಅಭಾವವನ್ನು, ಅಂದರೆ ‘ಇಲ್ಲ’ ಎಂಬುದನ್ನು, ಆಮೇಲಿನವರು ಸೇರಿಸಿದರು. ಇಲ್ಲದಿರುವುದೂ ಒಂದು ಪದಾರ್ಥವೇ ಎಂದು 17ನೇ ಶತಮಾನದ ಅನ್ನಂಭಟ್ಟ ‘ತರ್ಕಸಂಗ್ರಹ’ದಲ್ಲಿ ಹೇಳಿ, ಅದರಲ್ಲಿ ನಾಲ್ಕು ಬಗೆಗಳನ್ನೂ ಬಿಡಿಸಿ ತೋರಿಸಿದ. ಇದನ್ನು ಓದಿದ ಕಾಲಕ್ಕಾಗಲಿ, ಮುಂದೆ ಮೂವತ್ತೊಂದು ವರ್ಷ ಮೈಸೂರಿನ ಹುಡುಗರಿಗೆ ಪಾಠ ಹೇಳಿದ ಕಾಲಕ್ಕಾಗಲಿ, ಇದರ ಉಪಯೋಗವೇನೆಂದು ನನಗೆ ಹೊಳೆದಿರಲಿಲ್ಲ. ಹೋದ ನವೆಂಬರಿನಲ್ಲಿ ಮನೆಯ ವೈ-ಫೈ ಪ್ರಿಂಟರಿಗೆ ಒಂದು ಪುಟ ಕಳಿಸಲು ಹೋದಾಗ ಹೊಳೆಯಿತು.

ನವೆಂಬರು ಪಿಂಚಣಿದಾರರ ಮಾಸ. ನಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ಬರೆದುಕೊಡಬೇಕು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರಿಗೆ ಪ್ರಮಾಣಗಳು ನಾಲ್ಕು. ಭಾಟ್ಟ ಮೀಮಾಂಸಕರು ಅರ್ಥಾಪತ್ತಿ ಮತ್ತು ಅನುಪಲಬ್ಧಿಗಳನ್ನು ಸೇರಿಸಿ ಆರು ಮಾಡುತ್ತಾರೆ. ಬ್ಯಾಂಕಿನವರು ಒಪ್ಪುವುದು ಜೀವಿತ ಪ್ರಮಾಣಪತ್ರ ಒಂದನ್ನೇ. ಕೌಂಟರಿನ ಎದುರು ನಿಂತು ಕೆಮ್ಮಿದರೂ ಸಾಲದು. ಆ ಒಂದು ಪುಟದ ನಮೂನೆಯನ್ನು ಮಗಳು ಇಮೇಲಿನಲ್ಲಿ ಕಳಿಸಿದ್ದಳು. ನಡುಮನೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಪ್ರಿಂಟ್ ಒತ್ತಿದೆ. ಮಹಡಿಯ ಕೋಣೆಯಲ್ಲಿ, ಬೀರುವಿನ ಪಕ್ಕದ ಸ್ಟೂಲಿನ ಮೇಲೆ, ಕ್ರೋಷಾ ಬಟ್ಟೆ ಹೊದ್ದು ಪ್ರಿಂಟರು ಕೂತಿತ್ತು. ಆಗತಾನೆ ಕಣ್ಣಾರೆ ಕಂಡು ಇಳಿದು ಬಂದಿದ್ದೆ. ಕಂಪ್ಯೂಟರು ಮಾತ್ರ ‘ಪ್ರಿಂಟರ್ ಆಫ್‌ಲೈನ್’ ಎಂದಿತು. ಅಂದಿನಿಂದ ಹತ್ತೊಂಬತ್ತು ದಿನ ನಡೆದ ವಿಚಾರವೇ ಈ ಗ್ರಂಥ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧಚತುಷ್ಟಯ ಬೇಕು. ವಿಷಯ: ತಂತಿಯಿಲ್ಲದ ಮನೆಜಾಲದಲ್ಲಿ ಫೈಲು ಮತ್ತು ಪ್ರಿಂಟರುಗಳ ಹಂಚಿಕೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ‘ಪ್ರಿಂಟರ್ ಸೇರಿಸಿ’ ಎಂಬುದನ್ನು ಮೂರು ಸಲವಾದರೂ ಒತ್ತಿ, ಪರದೆಯ ಮೇಲೆ ಚುಕ್ಕಿಗಳು ಓಡುವುದನ್ನು ಹತ್ತು ನಿಮಿಷ ನೋಡಿ, ಆಮೇಲೆ ಮಕ್ಕಳಿಗೆ ಫೋನು ಮಾಡಿ ಬೈಸಿಕೊಂಡವನು. ಪ್ರಯೋಜನ: ಒಂದು ಪುಟ. ಸಂಬಂಧ: ಅದಿದ್ದಿದ್ದರೆ ಗ್ರಂಥವೇ ಬೇಕಿರಲಿಲ್ಲ.

ಪೂರ್ವಪಕ್ಷ

ಪೂರ್ವಪಕ್ಷವನ್ನು ನಮ್ಮ ಮನೆಯಾಕೆ ಮಂಡಿಸಿದಳು. “ರೀ, ಮೂಲೆ ಜೆರಾಕ್ಸ್ ಅಂಗಡೀಲಿ ಐದು ರೂಪಾಯಿ ಕೊಟ್ರೆ ಅರ್ಧ ನಿಮಿಷದಲ್ಲಿ ತೆಗೆದುಕೊಡ್ತಾನೆ” ಎಂಬುದು ಮೊದಲನೆಯದು. “ಪ್ರಿಂಟರ್ ಜೊತೆ ಒಂದು ವೈರು ಬಂದಿತ್ತಲ್ಲ. ಮಗಳ ಲ್ಯಾಪ್‌ಟಾಪ್ ಮೇಲಕ್ಕೆ ತಗೊಂಡ್ಹೋಗಿ ಚುಚ್ಚಿ, ಅಷ್ಟೆ” ಎಂಬುದು ಎರಡನೆಯದು.

ಮೊದಲನೆಯದರಲ್ಲಿ ಲಾಘವವಿದೆ. ಲಾಘವ ತರ್ಕದಲ್ಲಿ ಗುಣವೇ; ಆದರೆ ಇಷ್ಟು ಲಾಘವವಾಗಿಬಿಟ್ಟರೆ ಶಾಸ್ತ್ರಕ್ಕೆ ಎಡೆಯೆಲ್ಲಿ? ಎರಡನೆಯದಂತೂ ಸ್ಪಷ್ಟವಾಗಿ ಪ್ರತಿಜ್ಞಾಹಾನಿ ಎಂಬ ನಿಗ್ರಹಸ್ಥಾನ. ತಂತಿಯಿಲ್ಲದ ಜಾಲ ಕೆಟ್ಟಿದೆ ಎಂಬುದು ಪ್ರಶ್ನೆ. ತಂತಿ ಹಾಕಿ ಎಂಬುದು ಉತ್ತರವಾದರೆ ಪ್ರಶ್ನೆಯನ್ನೇ ಕೈಬಿಟ್ಟಂತಾಯಿತು. ವಾದದಲ್ಲಿ ಆಕೆ ಸೋತಳೆಂದು ನಾನು ಸಾರಿದೆ. ಆಕೆ ಕುಕ್ಕರು ಇಳಿಸಲು ಹೋದಳು. ಆ ವೈರು ಸುರುಳಿ ಬಿಚ್ಚದೆ, ಹಳೆಯ ಚಾರ್ಜರುಗಳ ಜೊತೆ, ಮೇಜಿನ ಖಾನೆಯಲ್ಲೇ ಉಳಿಯಿತು.

ಅನುಮಾನಖಂಡನ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನುವುದು ತರ್ಕದ ಮೊದಲ ಪಾಠ. (ಮೂಲದಲ್ಲಿ ಅದು ಯಾವುದೋ ಬೆಟ್ಟ. ಮೈಸೂರಿನಲ್ಲಿ ಪಾಠ ಹೇಳಿದ ನನಗೆ ಚಾಮುಂಡಿಬೆಟ್ಟವೇ.) ಅದೇ ದಾರಿಯಲ್ಲಿ ನಾನು ವಾದ ಕಟ್ಟಿದೆ. ಪ್ರಿಂಟರಿನ ನೀಲಿ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದೆ, ಆದ್ದರಿಂದ ಅದು ಜಾಲದಲ್ಲಿದೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಬರುತ್ತಿದೆ, ಆದ್ದರಿಂದ ಅದೂ ಜಾಲದಲ್ಲಿದೆ. ಆದ್ದರಿಂದ ಎರಡಕ್ಕೂ ಪರಸ್ಪರ ಪರಿಚಯವಿದೆ.

ನಾಲ್ಕು ದಿನ ನನ್ನನ್ನು ದಾರಿ ತಪ್ಪಿಸಿದ್ದು ಈ ಹೇತ್ವಾಭಾಸ. ನೀಲಿ ದೀಪ ಹೇಳುವುದು ಪ್ರಿಂಟರಿಗೂ ರೂಟರಿಗೂ ಇರುವ ಸಂಬಂಧವನ್ನು. ಯೂಟ್ಯೂಬ್ ಹೇಳುವುದು ಕಂಪ್ಯೂಟರಿಗೂ ಹೊರಲೋಕಕ್ಕೂ ಇರುವ ಸಂಬಂಧವನ್ನು. ಎರಡು ಮನೆಗೂ ಒಬ್ಬನೇ ಹಾಲಿನವನು ಎಂದ ಮಾತ್ರಕ್ಕೆ ಆ ಎರಡು ಮನೆಯವರು ಮಾತಾಡಿಕೊಳ್ಳುತ್ತಾರೆ ಎನ್ನಲಾಗದು. ಹೊಗೆಯಿದ್ದಲ್ಲಿ ಬೆಂಕಿ ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದರೆ, ಕಾಸಿದ ಕಬ್ಬಿಣದ ಗುಂಡು ಅಡ್ಡ ಬರುತ್ತದೆ. ಅಲ್ಲಿ ಹಸಿ ಸೌದೆ ಎಂಬ ಉಪಾಧಿ ಬೇಕು. ನಮ್ಮ ಪ್ರಸಂಗದಲ್ಲಿ ಆ ಹಸಿ ಸೌದೆ ಯಾವುದು? ಎರಡರ ವಿಳಾಸವೂ ಒಂದೇ ಓಣಿಯದಾಗಿರಬೇಕು ಎಂಬುದು.

ಈ ವಿಳಾಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೂಟರೆಂಬ ಯಜಮಾನ ಮನೆಗೆ ಬಂದ ಪ್ರತಿಯೊಂದು ಯಂತ್ರಕ್ಕೂ ನಾಲ್ಕು ಭಾಗದ ಒಂದು ಸಂಖ್ಯೆ ಕೊಡುತ್ತಾನೆ. ತನಗೆ ಸಾಮಾನ್ಯವಾಗಿ 192.168.1.1 ಇಟ್ಟುಕೊಂಡು, ಉಳಿದವರಿಗೆ ಕೊನೆಯ ಅಂಕಿ ಬದಲಿಸಿ ಹಂಚುತ್ತಾನೆ. 192.168ರಿಂದ ಮೊದಲಾಗುವ ಸಂಖ್ಯೆಗಳು ಮನೆಯೊಳಗಿನ ಬಳಕೆಗೆ ಎಂದು 1996ರ ಫೆಬ್ರುವರಿಯಲ್ಲಿ ಹೊರಟ ಒಂದು ದಸ್ತಾವೇಜು ಮೀಸಲಿಟ್ಟಿತು. ಹಾಗಾಗಿ ನಮ್ಮ ಮನೆಯ 192.168.1.5 ಪಕ್ಕದ ಮನೆಯಲ್ಲೂ ಇದೆ, ಎದುರುಮನೆಯಲ್ಲೂ ಇದೆ, ಊರೂರಿಗೊಬ್ಬ ಗುಂಡಣ್ಣನಿದ್ದ ಹಾಗೆ. ಒಂದೇ ಮನೆಯಲ್ಲಿ ಮಾತ್ರ ಇಬ್ಬರು ಗುಂಡಣ್ಣರಿರಕೂಡದು. ಮೊದಲ ಮೂರು ಭಾಗ ಒಂದೇ ಆಗಿದ್ದರೆ ಯಂತ್ರಗಳು ನೇರವಾಗಿ ಮಾತಾಡುತ್ತವೆ. ಎಲ್ಲಾದರೂ 169.254 ಎಂದು ಮೊದಲಾಗುವ ವಿಳಾಸ ಕಂಡರೆ, ಯಜಮಾನ ಉತ್ತರ ಕೊಡಲಿಲ್ಲವೆಂದು ಆ ಯಂತ್ರ ತಾನೇ ಒಂದು ಸಂಖ್ಯೆ ಹಚ್ಚಿಕೊಂಡು ಜಗುಲಿಯಲ್ಲಿ ಕೂತಿದೆ ಎಂದರ್ಥ.

ವಿಳಾಸ ಬಾಡಿಗೆ ಮನೆಯ ನಂಬರಿದ್ದಂತೆ, ಬದಲಾಗುತ್ತದೆ. ಬದಲಾಗದ್ದು ಮ್ಯಾಕ್ ವಿಳಾಸ. ಅದರ ಹನ್ನೆರಡು ಅಕ್ಷರಗಳಲ್ಲಿ ಮೊದಲ ಆರು ತಯಾರಿಸಿದ ಕಂಪನಿಯದು, ಉಳಿದ ಆರು ಆ ಯಂತ್ರದ್ದು. ಇದಕ್ಕೆ ನಮ್ಮಲ್ಲಿ ಗೋತ್ರ ಮತ್ತು ನಾಮಧೇಯ ಎನ್ನುತ್ತಾರೆ. ಈಚಿನ ಮೊಬೈಲುಗಳು ಹೊಸ ಜಾಲಕ್ಕೆ ಹೋದಾಗ ನಿಜವಾದ ಗೋತ್ರ ಮುಚ್ಚಿಟ್ಟು ಸುಳ್ಳು ಹೇಳುತ್ತವೆ. ಪ್ರಿಂಟರುಗಳು ಇನ್ನೂ ಆ ಮಟ್ಟಕ್ಕೆ ಇಳಿದಿಲ್ಲ; ಈ ಒಂದು ಗುಣವನ್ನೇ ನಂಬಿ ಮುಂದೆ ಸಿದ್ಧಾಂತ ನಿಂತಿದೆ.

ಆಪ್ತವಾಕ್ಯ

ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಆಪ್ತ; ಅವನ ಮಾತು ಪ್ರಮಾಣ. ಸ್ಯಾನ್ ಹೋಸೆಯಲ್ಲಿರುವ ಮಗನಿಗೆ ಫೋನು ಮಾಡಿದೆ. ಅಲ್ಲಿ ಮಧ್ಯರಾತ್ರಿ ಸಮೀಪಿಸುತ್ತಿತ್ತು. “ಅಪ್ಪಾ, ಒಂದ್ಸಲ ಎಲ್ಲಾನೂ ಆಫ್ ಮಾಡಿ ಆನ್ ಮಾಡು” ಎಂದ. ಮೂವತ್ತೈದು ವರ್ಷದ ಹಿಂದೆ ಅವನಿಗೆ ಜ್ವರ ಬಂದಾಗ ವೈದ್ಯರು ಇದಕ್ಕಿಂತ ಹೆಚ್ಚು ವಿಚಾರ ಮಾಡಿದ್ದರು.

ಹಾಗೆಂದು ಪುನರಾರಂಭವಾದಿಗಳ ಈ ಮತವನ್ನು ತಳ್ಳಿಹಾಕುವಂತಿಲ್ಲ. ಆರಿಸಿ ಹೊತ್ತಿಸಿದಾಗ ಪ್ರಿಂಟರು ರೂಟರಿನ ಬಳಿ ಹೊಸದಾಗಿ ವಿಳಾಸ ಕೇಳುತ್ತದೆ, ತಲೆಯಲ್ಲಿ ಸಿಕ್ಕಿಕೊಂಡ ಹಳೆಯ ಕೆಲಸ ಮರೆಯುತ್ತದೆ, ತಾನಿದ್ದೇನೆಂದು ಜಾಲದಲ್ಲಿ ಮತ್ತೆ ಕೂಗುತ್ತದೆ. ಇದರಿಂದ ಅರ್ಧ ರೋಗಗಳು ಹೋಗುತ್ತವೆ, ಹೋದದ್ದೇಕೆಂದು ತಿಳಿಯುವುದಿಲ್ಲ. ಶಾಸ್ತ್ರಕಾರನಿಗೆ ಇದು ಸಹಿಸಲಾಗದ ಸ್ಥಿತಿ. ಇವರಿಗಿಂತ ಉಗ್ರರು ಪ್ರಳಯವಾದಿಗಳು: ರೂಟರಿನ ಬೆನ್ನಿನಲ್ಲಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹಿಡಿದು ಸೃಷ್ಟಿಯನ್ನೇ ಮೊದಲಿಂದ ಆರಂಭಿಸಿ ಎನ್ನುತ್ತಾರೆ. ಆಮೇಲೆ ಮನೆಯ ಟಿವಿ, ಮೂರು ಮೊಬೈಲು, ಬಾಗಿಲ ಕ್ಯಾಮೆರಾಗಳಿಗೆ ಮತ್ತೆ ಪಾಸ್‌ವರ್ಡ್ ಹಾಕಿಕೊಡುವವರು ಯಾರು ಎಂದರೆ ಮೌನ.

ಅಭಾವಚತುಷ್ಟಯ

ಇನ್ನು ಮುಖ್ಯ ವಿಷಯ. ಪ್ರಿಂಟರು ಕಾಣುವುದಿಲ್ಲ ಎನ್ನುವವರೆಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆಂದು ತಿಳಿಯುವುದು ಅಜ್ಞಾನ. ಇಲ್ಲದಿರುವುದರಲ್ಲಿ ನಾಲ್ಕು ಬಗೆ.

ಗಡಿಗೆ ಮಾಡುವ ಮೊದಲು ಗಡಿಗೆ ಇರಲಿಲ್ಲವಲ್ಲ, ಅದು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಪ್ರಿಂಟರು ಕೊಂಡು ತಂದ ಮೊದಲ ದಿನವೇ ಅದು ಯಾರಿಗೂ ಕಾಣದಿರುವುದು ಈ ಜಾತಿ. ಕಾರಣ ಹೆಚ್ಚಾಗಿ ಒಂದೇ. ಈಗಿನ ರೂಟರು ಎರಡು ಸ್ವರದಲ್ಲಿ ಹಾಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಮನೆಬಳಕೆಯ ಅಗ್ಗದ ಪ್ರಿಂಟರುಗಳಲ್ಲಿ ಎಷ್ಟೋವಕ್ಕೆ ಮಂದ್ರಸ್ವರ ಮಾತ್ರ ಕೇಳಿಸುತ್ತದೆ. ನಾವೋ ಮೊಬೈಲಿನಲ್ಲಿ ‘5ಜಿ’ ಎಂದು ಕೊನೆಯಾಗುವ ಹೆಸರಿಗೆ ಸೇರಿಕೊಂಡು ಆ್ಯಪಿನಲ್ಲಿ ಪ್ರಿಂಟರಿಗಾಗಿ ಹುಡುಕುತ್ತೇವೆ. (ಈ 5ಜಿಗೂ ಮೊಬೈಲ್ ಕಂಪನಿಗಳ 5ಜಿಗೂ ಸಂಬಂಧವಿಲ್ಲ. ನನ್ನ ಷಡ್ಡಕರು ಇದನ್ನರಿಯದೆ, ಮನೆಯೊಳಗೆ ಟವರು ಬಂತೆಂದು ವಾಕಿಂಗಿನಲ್ಲಿ ಸಾರಿದ್ದರು.) ಮೊದಲ ಪರಿಚಯ ಮಾಡಿಸುವಾಗಲಾದರೂ ಮೊಬೈಲನ್ನು 2.4ಕ್ಕೆ ಇಳಿಸಬೇಕು. ಪ್ರಿಂಟರನ್ನು ಕಬ್ಬಿಣದ ಬೀರುವಿನ ಮರೆಯಲ್ಲಿಟ್ಟು, ನಡುವೆ ಸರಳು ತುಂಬಿದ ಆರ್‌ಸಿಸಿ ಚಾವಣಿ ಇಟ್ಟು, ಅಲೆಗಳನ್ನು ಬೈಯುವುದೂ ನ್ಯಾಯವಲ್ಲ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.4ರ ಆಸುಪಾಸಿನಲ್ಲೇ. ಅಡುಗೆಮನೆಯಲ್ಲಿ ಉಪ್ಪಿಟ್ಟು ಬಿಸಿಯಾಗುವ ಎರಡು ನಿಮಿಷ ಪ್ರಿಂಟರು ತಡವರಿಸಿದ್ದನ್ನು ನಾನು ಮೂರು ಸಲ ಪರೀಕ್ಷಿಸಿದ್ದೇನೆ. ಉಪ್ಪಿಟ್ಟು ಗಟ್ಟಿಯಾಯಿತು.

ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ, ಇದು ಅನ್ಯೋನ್ಯಾಭಾವ. ಕಂಪ್ಯೂಟರಿನ ಪಟ್ಟಿಯಲ್ಲಿ ನಮ್ಮ ಪ್ರಿಂಟರಿನ ಹೆಸರು ಮೂರು ಸಲವಿತ್ತು: ಒಂದು ಬರಿಯದು, ಒಂದು ‘ಕಾಪಿ 1’, ಒಂದು ‘ಕಾಪಿ 2’. ಪ್ರತಿ ಸಲ ‘ಸೇರಿಸಿ’ ಒತ್ತಿದಾಗಲೂ ಒಂದು ಛಾಯಾಪ್ರಿಂಟರು ಹುಟ್ಟಿದೆ. ನಾನು ಕಳಿಸುತ್ತಿದ್ದದ್ದು ಛಾಯೆಗೆ. ದಮಯಂತಿಯ ಸ್ವಯಂವರದಲ್ಲಿ ಐವರು ನಳರು ಕೂತಿದ್ದರೂ ಅವಳಿಗೆ ನೆಲ ಮುಟ್ಟದ ಕಾಲು ನೋಡಿ ತಿಳಿಯುವ ಉಪಾಯವಿತ್ತು. ನಮಗೆ ‘ಪೋರ್ಟ್ಸ್’ ಎಂಬ ಪುಟದಲ್ಲಿ ಯಾವುದರ ಮುಂದೆ ನಿಜವಾದ ವಿಳಾಸವಿದೆ ಎಂದು ನೋಡುವುದೊಂದೇ ಉಪಾಯ. ಇದೇ ಜಾತಿಯ ಇನ್ನೊಂದು ರೋಗ ಕಾಗದದ್ದು. ತಟ್ಟೆಯಲ್ಲಿ ಕಾಗದ ತುಂಬಿದ್ದರೂ ಪ್ರಿಂಟರು ಕಾಗದ ಹಾಕಿ ಎನ್ನುತ್ತದೆ. ನಾವು ಹಾಕಿದ್ದು 210ಕ್ಕೆ 297 ಮಿಲಿಮೀಟರಿನ ಎ-4. ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ ಕಂಪ್ಯೂಟರು ಕೇಳುವುದು ಅಲ್ಲಿಯ ಲೆಟರ್ ಕಾಗದ, ಸುಮಾರು 216ಕ್ಕೆ 279. ಆರು ಮಿಲಿಮೀಟರು ಅಗಲದ ಮೇಲೆ ಛಲ ಹಿಡಿದ ಯಂತ್ರಕ್ಕೆ ಅದು ಭಾರತದ ಪಿಂಚಣಿ ನಮೂನೆ ಎಂದು ಹೇಳುವವರು ಯಾರು?

ಗಾಳಿಗೆ ಬಣ್ಣವಿಲ್ಲ. ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಇದು ಅತ್ಯಂತಾಭಾವ, ನಾಲ್ಕರಲ್ಲಿ ಗಹನವಾದದ್ದು. ನಮ್ಮ ಮನೆಯಲ್ಲಿ ಇದ್ದದ್ದೂ ಇದೇ ಎಂದು ಒಂಬತ್ತನೇ ದಿನ ಪತ್ತೆಯಾಯಿತು. ಮಹಡಿಗೆ ಸಿಗ್ನಲು ಸಾಲದೆಂದು ಎರಡು ವರ್ಷದ ಹಿಂದೆ ಎರಡನೆಯ ರೂಟರು ತಂದು, ಕೆಳಗಿನದರಿಂದ ಒಂದು ನೀಲಿ ಕೇಬಲು ಎಳೆದು, ‘ವ್ಯಾನ್’ ಎಂದು ಬರೆದ ಕಂಡಿಗೆ ಸಿಕ್ಕಿಸಿದ್ದೆವು. ಎಲ್ಲರ ಮೊಬೈಲಿನಲ್ಲೂ ಗೆರೆಗಳು ತುಂಬಿದವು. ಅಷ್ಟರಿಂದ ಮನೆ ಪಾಲಾಯಿತೆಂಬುದು ಯಾರಿಗೂ ತಿಳಿಯಲಿಲ್ಲ. ಮೇಲಿನ ರೂಟರು ತನ್ನದೇ ಯಜಮಾನಿಕೆ ಹೂಡಿ 192.168.0 ಎಂಬ ಬೇರೆ ಓಣಿ ಕಟ್ಟಿಕೊಂಡಿತ್ತು. ಪ್ರಿಂಟರು ಆ ಓಣಿಯದು. ನಡುಮನೆಯ ಕಂಪ್ಯೂಟರು ಈ ಓಣಿಯದು. ಒಂದೇ ಸೂರು, ಎರಡು ಒಲೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಮೇಲಿನವರು ಕೆಳಗಿನವರನ್ನು ವಿಳಾಸ ಹಿಡಿದು ಕರೆದರೆ ಕೆಳಗಿನವರಿಗೆ ಕೇಳಿಸುತ್ತದೆ, ಉತ್ತರವೂ ಹೋಗುತ್ತದೆ. ಕೆಳಗಿನವರು ತಾವಾಗಿ ಮೇಲಿನವರನ್ನು ಕರೆದರೆ ಕೇಳಿಸುವುದಿಲ್ಲ. ಮಹಡಿಯ ಸಂಸಾರಗಳು ಹೀಗೇ ಎಂದು ನಮ್ಮ ಮನೆಯಾಕೆ ಇಲ್ಲೊಂದು ಟಿಪ್ಪಣಿ ಸೇರಿಸಿದಳು. ಅದು ಪ್ರಕೃತಕ್ಕೆ ಬಾಹಿರ. ಪರಿಹಾರ ಸುಲಭ: ಎರಡನೆಯ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಎಂಬ ಸ್ಥಿತಿಗೆ ಇಳಿಸಬೇಕು. ಆ ಸೌಲಭ್ಯವಿಲ್ಲದಿದ್ದರೆ ಅದಕ್ಕೆ ಕೆಳಗಿನ ಓಣಿಯಲ್ಲೇ ಯಾರಿಗೂ ಕೊಡದ ಒಂದು ನಂಬರು ಕೊಟ್ಟು, ವಿಳಾಸ ಹಂಚುವ ಅಧಿಕಾರ ಕಿತ್ತುಕೊಂಡು, ಕೇಬಲನ್ನು ‘ವ್ಯಾನ್’ ಬಿಟ್ಟು ‘ಲ್ಯಾನ್’ ಕಂಡಿಗೆ ಹಾಕಬೇಕು. ಮನೆಗೆ ಒಬ್ಬನೇ ಯಜಮಾನ. ಬಂದವರಿಗೆಂದು ಮಾಡಿದ ‘ಗೆಸ್ಟ್’ ಜಾಲಕ್ಕೆ ಪ್ರಿಂಟರನ್ನು ಸೇರಿಸಿದವರಿಗೂ ಇದೇ ಗತಿ. ಅಲ್ಲಿ ಅತಿಥಿಗಳು ಮನೆಯವರನ್ನು ಕಾಣದಂತೆ ಪರದೆ ಕಟ್ಟಿರುತ್ತಾರೆ.

ನಾಲ್ಕನೆಯದು ಪ್ರಧ್ವಂಸಾಭಾವ, ಒಡೆದ ಗಡಿಗೆಯ ಇಲ್ಲದಿರುವಿಕೆ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. “ನಿನ್ನೆ ಪ್ರಿಂಟ್ ಬಂದಿತ್ತು” ಎಂದು ಮೊದಲಾಗುವ ದೂರುಗಳೆಲ್ಲ ಈ ಜಾತಿ. ರೂಟರು ಕೊಟ್ಟ ವಿಳಾಸಕ್ಕೆ ಅವಧಿಯಿದೆ. ಎಷ್ಟೋ ರೂಟರುಗಳಲ್ಲಿ ಒಂದು ದಿನ. ಪ್ರಿಂಟರು ಎರಡು ದಿನ ಮಲಗಿ ಎದ್ದರೆ ಅದರ 192.168.1.5 ಅಷ್ಟರಲ್ಲಿ ಯಾರದೋ ಮೊಬೈಲಿಗೆ ಹೋಗಿ, ಅದಕ್ಕೆ 192.168.1.9 ಸಿಕ್ಕಿರುತ್ತದೆ. ಕಂಪ್ಯೂಟರು ಮಾತ್ರ ಹಳೆಯ ಬಾಡಿಗೆ ಮನೆಯ ಬಾಗಿಲು ತಟ್ಟುತ್ತಲೇ ಇರುತ್ತದೆ. ಒಳಗಿರುವುದು ಮೊಬೈಲು, ಅದು ಜೀವಿತ ಪ್ರಮಾಣಪತ್ರ ಅಚ್ಚು ಮಾಡೀತೆ? ಇನ್ನು ಅಪ್‌ಡೇಟಿನಿಂದಾಗುವ ಧ್ವಂಸ. 2021ರ ಮಧ್ಯದಲ್ಲಿ ವಿಂಡೋಸಿನ ಪ್ರಿಂಟ್ ಸ್ಪೂಲರಿನಲ್ಲಿ ದೊಡ್ಡ ಬಿರುಕೊಂದು ಬಯಲಾಗಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರು ಪಡೆಯಿತು. ಮುಚ್ಚುವ ಕೆಲಸದಲ್ಲಿ ಬಿಗಿ ಹೆಚ್ಚಾಗಿ, ಆ ಸೆಪ್ಟೆಂಬರಿನ ಅಪ್‌ಡೇಟಿನ ಮೇಲೆ ಎಷ್ಟೋ ಕಡೆ ಒಂದು ಕಂಪ್ಯೂಟರು ಇನ್ನೊಂದಕ್ಕೆ ಹಂಚಿಕೊಟ್ಟ ಪ್ರಿಂಟರುಗಳು ‘11ಬಿ’ ಎಂದು ಕೊನೆಯಾಗುವ ದೋಷಸಂಖ್ಯೆ ತೋರಿಸಿ ಕೂತವು. ಕಳ್ಳ ಬರುತ್ತಾನೆಂದು ಬಾಗಿಲಿಗೆ ಇಟ್ಟಿಗೆ ಕಟ್ಟಿದರೆ ಮನೆಯವರೂ ಹೊರಗೇ.

ಪ್ರಿಂಟರಿನ ಮೇಲಿನ ಸಿಟ್ಟು ನನ್ನೊಬ್ಬನ ದೌರ್ಬಲ್ಯವೆಂದು ಯಾರೂ ತಿಳಿಯಬಾರದು. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಹೊಸ ಜೆರಾಕ್ಸ್ ಲೇಸರ್ ಪ್ರಿಂಟರಿನ ಕಾಟದಲ್ಲಿ ಸಿಕ್ಕಿಬಿದ್ದಿದ್ದ. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ಸುದ್ದಿ ಹೋಗುವಂತೆ ಅವನು ಪ್ರೋಗ್ರಾಮು ತಿದ್ದಿದ್ದ. ಹೊಸದರ ಪ್ರೋಗ್ರಾಮಿನ ಮೂಲವನ್ನು ಅವನಿಗೆ ಕೊಡಲಿಲ್ಲ. ಆ ಸಿಟ್ಟು ಅವನನ್ನು ಕಾಡಿ, 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಸಾರಿದ; ಮುಕ್ತ ತಂತ್ರಾಂಶದ ಚಳವಳಿ ಅಲ್ಲಿಂದ ಬೆಳೆಯಿತು. ಮೂಲೆಯ ಜೆರಾಕ್ಸ್ ಅಂಗಡಿಗೆ ಅವನೂ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಮ್ಮ ಮನೆಯಾಕೆಯನ್ನು ಕೇಳಿದೆ. “ಅವರ ಮನೇಲಿ ನೆಮ್ಮದಿ ಇರ್ತಿತ್ತು” ಎಂದಳು.

ಕಡತಪ್ರಕರಣ, ಸಾಂಬೋಪಾಖ್ಯಾನಸಹಿತ

ಪ್ರಿಂಟರಿನ ಜೊತೆಗೇ ಫೈಲು ಹಂಚಿಕೊಳ್ಳುವ ವಿಚಾರವೂ ಬಂದು ಸೇರಿತು. ಮಗಳ ಲ್ಯಾಪ್‌ಟಾಪಿಗೆ ನನ್ನ ಕಂಪ್ಯೂಟರಿನ ಫೋಲ್ಡರು ಕಾಣಬೇಕಿತ್ತು. ಕಾಣಲಿಲ್ಲ. ದೋಷ ಹುಡುಕುತ್ತ ಹೋದಾಗ ಎರಡು ವರ್ಷದ ಹಿಂದಿನ ನನ್ನದೇ ಪಾಪ ಸಿಕ್ಕಿತು. ಮನೆಯ ವೈ-ಫೈಗೆ ಮೊದಲ ಸಲ ಸೇರುವಾಗ ವಿಂಡೋಸು, ಈ ಜಾಲದ ಬೇರೆ ಯಂತ್ರಗಳಿಗೆ ನೀವು ಕಾಣಿಸಬಹುದೆ ಎಂದು ಕೇಳುತ್ತದೆ. ಕಾಲ ಕೆಟ್ಟಿದೆ ಎಂದು ನಾನು ‘ಬೇಡ’ ಒತ್ತಿದ್ದೆ. ಆ ಕ್ಷಣದಿಂದ ಕಂಪ್ಯೂಟರಿಗೆ ನಮ್ಮ ನಡುಮನೆ ರೈಲ್ವೆ ಸ್ಟೇಷನ್ನಾಯಿತು. ಹೆಂಡತಿ, ಮಗಳು, ಬೆಕ್ಕು ಎಲ್ಲರೂ ಅಪರಿಚಿತ ಪ್ರಯಾಣಿಕರು. ಜಾಲದ ಗುಣವನ್ನು ‘ಪಬ್ಲಿಕ್’ ತೆಗೆದು ‘ಪ್ರೈವೇಟ್’ ಮಾಡುವುದು ಒಂದು ಚುಕ್ಕಿಯ ಕೆಲಸ. ಅದರ ಮೇಲೆ ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಎಂಬೆರಡನ್ನು ಎಬ್ಬಿಸಬೇಕು. ನಿಜವಾದ ರೈಲ್ವೆ ಸ್ಟೇಷನ್ನಿಗೆ ಹೋದಾಗ ಅಲ್ಲಿಯ ಜಾಲವನ್ನು ‘ಪಬ್ಲಿಕ್’ ಎಂದೇ ಇಡಬೇಕೆಂಬುದನ್ನು ಮಾತ್ರ ಮರೆಯಬಾರದು.

ಫೈಲು ಹಂಚುವ ಈ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದ ಮೊದಲಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದ್ದು. 1990ರ ದಶಕದಲ್ಲಿ ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಇದನ್ನು ಯುನಿಕ್ಸ್ ಯಂತ್ರಗಳಿಗೂ ಕಲಿಸಿದ. ತನ್ನ ಪ್ರೋಗ್ರಾಮಿಗೆ ಹೆಸರು ಬೇಕಾದಾಗ, ಎಸ್, ಎಂ, ಬಿ ಮೂರೂ ಅನುಕ್ರಮವಾಗಿ ಬರುವ ಪದಗಳನ್ನು ನಿಘಂಟಿನಿಂದ ಹೆಕ್ಕಿಸಿ ‘ಸಾಂಬಾ’ ಎಂಬುದನ್ನು ಆರಿಸಿಕೊಂಡ. ಅದು ಬ್ರೆಜಿಲ್ ದೇಶದ ಕುಣಿತ ಎಂದು ಪಾಶ್ಚಾತ್ಯರು ಹೇಳುವುದು ಬಾಲಿಶ. ಸಾಂಬ ಕೃಷ್ಣ–ಜಾಂಬವತಿಯರ ಮಗ. ಗರ್ಭಿಣಿಯ ವೇಷ ಹಾಕಿ ಋಷಿಗಳನ್ನು ಕೆಣಕಿ, ಕಬ್ಬಿಣದ ಒನಕೆ ಹೆತ್ತು, ಅದರಿಂದ ಯಾದವಕುಲವೇ ನಾಶವಾಯಿತೆಂದು ಮೌಸಲಪರ್ವದಲ್ಲಿದೆ. ಎಸ್‌ಎಂಬಿಯ ಮೊದಲ ಆವೃತ್ತಿಯ ಹೊಟ್ಟೆಯಲ್ಲೂ ಒಂದು ಒನಕೆಯಿತ್ತು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಮಾರಿ ವಿಂಡೋಸ್ ಯಂತ್ರಗಳ ಆ ಬಿರುಕಿನಿಂದಲೇ ನುಗ್ಗಿ ಲೋಕದ ಆಸ್ಪತ್ರೆ, ಕಚೇರಿಗಳ ಫೈಲುಗಳಿಗೆ ಬೀಗ ಜಡಿದು ಸುಲಿಗೆ ಕೇಳಿತು. ವ್ಯಾಸರಿಗೆ ಇದೆಲ್ಲ ತಿಳಿದಿತ್ತೆಂದು ನಾನು ಹೇಳುವುದಿಲ್ಲ, ಹೇಳುವವರು ಮನೆಗೊಬ್ಬರಿದ್ದಾರೆ. ಆ ವರ್ಷದ ಕೊನೆಯಿಂದ ಹೊಸ ವಿಂಡೋಸಿನಲ್ಲಿ ಮೊದಲ ಆವೃತ್ತಿಯನ್ನು ಮುಚ್ಚಿಟ್ಟರು. ಹತ್ತು ವರ್ಷದ ಹಿಂದಿನ ಹಾರ್ಡ್‌ಡಿಸ್ಕು ಪೆಟ್ಟಿಗೆಗಳು ಹೊಸ ಕಂಪ್ಯೂಟರಿಗೆ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಕಾಣಿಸಲೆಂದು ಒನಕೆಯನ್ನು ಮತ್ತೆ ಹೊರತೆಗೆಯುವವರಿಗೆ ಯಾದವರ ಕಥೆ ಹೇಳಬೇಕು.

ಒಂದು ಕಾಲಕ್ಕೆ ‘ಹೋಮ್‌ಗ್ರೂಪ್’ ಎಂಬ ಅವಿಭಕ್ತ ಕುಟುಂಬವಿತ್ತು. 2009ರಲ್ಲಿ ವಿಂಡೋಸ್ 7ರ ಜೊತೆ ಬಂತು. ಎಲ್ಲರಿಗೂ ಒಂದೇ ಪಾಸ್‌ವರ್ಡು, ಒಂದೇ ಪಂಕ್ತಿ. 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಿದರು. ಈಗ ಪ್ರತಿ ಬಾಗಿಲಲ್ಲೂ ಹೆಸರು, ಗುಟ್ಟು ಎರಡೂ ಹೇಳಬೇಕು. ಇಲ್ಲಿ ನನಗಾದ ಅವಮಾನ ದಾಖಲಾಗಬೇಕು. ಮಗಳ ಲ್ಯಾಪ್‌ಟಾಪು ನನ್ನ ಕಂಪ್ಯೂಟರಿನ ಪಾಸ್‌ವರ್ಡು ಕೇಳಿತು. ದಿನಾ ಬೆಳಿಗ್ಗೆ ಒತ್ತುವ ನಾಲ್ಕು ಅಂಕಿ ಒತ್ತಿದೆ. ತಪ್ಪು ಎಂದಿತು. ಮತ್ತೆ ಒತ್ತಿದೆ, ನಿಧಾನವಾಗಿ, ಗಟ್ಟಿಯಾಗಿ ಹೇಳಿಕೊಂಡು. ತಪ್ಪು. “ಅಪ್ಪಾ, ಅದು ಪಿನ್ನು. ಆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಡೆಯೋದು. ಇಲ್ಲಿ ಅಕೌಂಟಿನ ಪಾಸ್‌ವರ್ಡ್ ಬೇಕು” ಎಂದಳು ಮಗಳು. ಅದನ್ನು ಒಂಟಿಕೊಪ್ಪಲ್ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಆದರೆ ಅದು ಹೋದ ಸಂವತ್ಸರದ ಪಂಚಾಂಗ, ಯುಗಾದಿಯ ಮರುದಿನ ರದ್ದಿಗೆ ಹೋಗಿತ್ತು.

ಅರ್ಥಾಪತ್ತಿ

ದಪ್ಪಗಿರುವ ದೇವದತ್ತ ಹಗಲು ಊಟ ಮಾಡುವುದಿಲ್ಲ. ಆದ್ದರಿಂದ ರಾತ್ರಿ ಮಾಡುತ್ತಾನೆ. ಮೀಮಾಂಸಕರ ಈ ದೇವದತ್ತನನ್ನು ನಾನು ಬಹಳ ಕಾಲ ಲಘುವಾಗಿ ಕಂಡಿದ್ದೆ.

ಹನ್ನೆರಡನೆಯ ದಿನ. ರೂಟರುಗಳನ್ನು ಒಂದುಗೂಡಿಸಿಯಾಗಿತ್ತು, ಪ್ರಿಂಟರು ಪಟ್ಟಿಯಲ್ಲಿ ಕಾಣುತ್ತಿತ್ತು. ಆದರೂ ಪ್ರಿಂಟ್ ಒತ್ತಿದರೆ ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಸಂಜೆಯವರೆಗೆ ಹನ್ನೊಂದು ಸಲ ಒತ್ತಿದ್ದೆನೆಂದು ಆಮೇಲೆ ಲೆಕ್ಕ ಸಿಕ್ಕಿತು. ಪ್ರಿಂಟರು ನಿದ್ದೆಹೋಗಿ ವೈ-ಫೈಯಿಂದ ಜಾರಿದ್ದು ನನಗೆ ತಿಳಿಯದು. ಕಳಿಸಿದ್ದೆಲ್ಲ ಸ್ಪೂಲರೆಂಬ ಜಗುಲಿಯಲ್ಲಿ, ಪಡಿತರ ಅಂಗಡಿಯ ಮುಂದಿನಂತೆ ಸಾಲುಗಟ್ಟಿ ಕೂತಿತ್ತು. ಅಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಕರೆಂಟು ಹೋಗಿ ಬಂತು. ನಡುಮನೆಯ ಕಂಪ್ಯೂಟರಿಗೂ ರೂಟರಿಗೂ ಇನ್ವರ್ಟರಿದೆ. ಮಹಡಿಗೆ ಆ ಲೈನು ಎಳೆಸಿಲ್ಲ. ಪ್ರಿಂಟರು ಆರಿ ಹೊತ್ತಿ, ಜಾಲಕ್ಕೆ ಮರಳಿ, ಬಾಕಿಯಿದ್ದುದನ್ನೆಲ್ಲ ಕೇಳಿ ಪಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ತಟ್ಟೆಯಲ್ಲಿ ಕಾಗದ ಕಡಿಮೆಯಾಗಿದೆ, ಹಗಲು ಯಾರೂ ಅಚ್ಚು ಮಾಡಿಲ್ಲ. ಆದ್ದರಿಂದ ರಾತ್ರಿ ಊಟವಾಗಿದೆ. ನೆಲದ ತುಂಬ, ಸ್ಟೂಲಿನ ಕೆಳಗೆ, ಬೀರುವಿನ ಸಂದಿಯಲ್ಲಿ, ನಾನು ಬದುಕಿದ್ದೇನೆಂಬುದಕ್ಕೆ ಹನ್ನೊಂದು ಪ್ರತಿಗಳು ಬಿದ್ದಿದ್ದವು.

ಕೆಲಸವಾಯಿತಲ್ಲ, ಇನ್ನಾದರೂ ಬಿಡಿ ಎಂದರು ಮನೆಯವರು. ಫಲ ಸಿಕ್ಕಿತೆಂದು ಕಾರಣ ಹುಡುಕುವುದನ್ನು ನಿಲ್ಲಿಸುವುದು ಲೌಕಿಕರ ರೀತಿ. ಬ್ಯಾಂಕಿಗೆ ಒಂದು ಪ್ರತಿ ಕೊಟ್ಟು ಬಂದು ಮತ್ತೆ ಕೂತೆ.

ಸಿದ್ಧಾಂತ

ಹತ್ತೊಂಬತ್ತನೇ ದಿನ ಸಿದ್ಧಾಂತ ಸ್ಥಾಪನೆಯಾಯಿತು. ಪ್ರಿಂಟರಿನ ಗೋತ್ರನಾಮಧೇಯವನ್ನು ಅದರ ಬೆನ್ನಿನ ಚೀಟಿಯಿಂದ ಬರೆದುಕೊಂಡು, ರೂಟರಿನೊಳಗೆ ಹೋಗಿ, ಈ ಗೋತ್ರದವನಿಗೆ ಎಂದೆಂದಿಗೂ 192.168.1.50 ಎಂದು ಕಾಯ್ದಿರಿಸಿದೆ. ಕಂಪ್ಯೂಟರಿನಲ್ಲಿದ್ದ ಮೂರೂ ಛಾಯೆಗಳನ್ನು ಅಳಿಸಿದೆ. ಸ್ಪೂಲರ್ ಸೇವೆಯನ್ನು ನಿಲ್ಲಿಸಿ, ಅದರ ಫೋಲ್ಡರಿನಲ್ಲಿ ಅಂಟಿಕೊಂಡಿದ್ದ ಉಳಿಕೆಯನ್ನು ಗುಡಿಸಿ, ಮತ್ತೆ ನಡೆಸಿದೆ. ಯಂತ್ರ ತಾನೇ ಹುಡುಕಿಕೊಳ್ಳಲೆಂದು ಬಿಡದೆ, ‘ಟಿಸಿಪಿ/ಐಪಿ ವಿಳಾಸದಿಂದ ಸೇರಿಸು’ ಎಂಬ ದಾರಿ ಹಿಡಿದು ಆ 50ನ್ನು ಕೈಯಾರೆ ಬರೆದೆ. ಕಾಗದವನ್ನು ಎ-4 ಮಾಡಿದೆ. ಒತ್ತಿದೆ. ಮಹಡಿಯಲ್ಲಿ ಗರಗರ ಎಂದಿತು. ಹೋಗಿ ನೋಡಿದೆ, ಪರೀಕ್ಷಾಪುಟ ಬಂದಿತ್ತು. ಅದನ್ನು ದೇವರ ಮುಂದಿಟ್ಟೆ.

ಈ ಸಿದ್ಧಾಂತ ಮೂವತ್ತಮೂರು ದಿನ ಅಖಂಡವಾಗಿ ನಿಂತಿತು. ಮೂವತ್ತನಾಲ್ಕನೆಯ ದಿನ ಇಂಟರ್ನೆಟ್ಟಿನವರ ಹುಡುಗ ಬಂದು, “ಸಾರ್, ಸ್ಪೀಡ್ ಜಾಸ್ತಿ ಮಾಡಿದೀವಿ, ಬಾಕ್ಸ್ ಬದಲಾಯಿಸ್ಬೇಕು” ಎಂದ. ಹತ್ತು ನಿಮಿಷದಲ್ಲಿ ಹಳೆಯ ರೂಟರನ್ನು ಚೀಲಕ್ಕೆ ಹಾಕಿಕೊಂಡು ಹೋದ. ಗೋತ್ರ, ಪ್ರವರ, ಕಾಯ್ದಿರಿಸಿದ ಐವತ್ತು, ಎಲ್ಲ ಅದರ ಹೊಟ್ಟೆಯಲ್ಲಿದ್ದವು.

ಇಲ್ಲಿ ಶಾಸ್ತ್ರೀಯವಾದ ಒಂದು ತೊಡಕು ಎದ್ದಿದೆ. ಹಳೆಯ ಸಂಬಂಧ ನಾಶವಾದದ್ದು ಪ್ರಧ್ವಂಸಾಭಾವ, ಅದಕ್ಕೆ ಅಂತ್ಯವಿಲ್ಲ. ಹೊಸ ಸಂಬಂಧ ಹುಟ್ಟದಿರುವುದು ಪ್ರಾಗಭಾವ, ಅದಕ್ಕೆ ಆದಿಯಿಲ್ಲ. ಒಂದೇ ಪ್ರಿಂಟರು ಒಂದೇ ಹೊತ್ತಿನಲ್ಲಿ ಎರಡು ಬಗೆಯಲ್ಲಿ ಇಲ್ಲದಿರಬಹುದೆ? ಎರಡನೆಯ ಸಂಪುಟದಲ್ಲಿ ಇದನ್ನು ವಿಚಾರಿಸಬೇಕೆಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಮಹಡಿಯ ಕಡೆಯಿಂದ ಗರಗರ ಕೇಳಿಸುತ್ತಿದೆ. ನನ್ನ ಕಂಪ್ಯೂಟರು ಈಗಲೂ ‘ಪ್ರಿಂಟರ್ ಆಫ್‌ಲೈನ್’ ಎಂದೇ ತೋರಿಸುತ್ತಿದೆ. ಮಗಳ ಲ್ಯಾಪ್‌ಟಾಪು ಮೇಜಿನ ಮೇಲಿಲ್ಲ. ಖಾನೆ ಎಳೆದು ನೋಡಿದೆ. ಹಳೆಯ ಚಾರ್ಜರುಗಳೆಲ್ಲ ಇವೆ, ಆ ವೈರೊಂದು ಇಲ್ಲ. ಇದು ಅನುಪಲಬ್ಧಿ. ಮೆಟ್ಟಿಲು ಹತ್ತಿ ಹೋದರೆ ಪ್ರತ್ಯಕ್ಷವೇ ಆದೀತು. ಆದರೆ ಮಂಡಿನೋವು. ಸದ್ಯಕ್ಕೆ ಶಬ್ದಪ್ರಮಾಣದಲ್ಲೇ ನಿಂತಿದ್ದೇನೆ.